ನೋಡು, ಮುಟ್ಟು, ತಟ್ಟು, ಆಲಿಸು

ಕೆಲವು ವರ್ಷಗಳ ಹಿಂದಿನ ಮಾತು. ಗ್ರಾಮಾಂತರದ ಧರ್ಮಕೇಂದ್ರವೊಂದರಲ್ಲಿ ಸೇವೆ ಸಲ್ಲಿಸುತ್ತಿದ್ದ ನಾನು ಪ್ರತಿ ತಿಂಗಳ ಮೊದಲ ಶುಕ್ರವಾರ ಹಾಸಿಗೆ ಹಿಡಿದವರ ಮನೆಗಳಿಗೆ ಪರಮಪ್ರಸಾದವನ್ನು ಕೊಂಡೊಯ್ಯುತ್ತಿದ್ದೆ. ಅವರಲ್ಲಿ ಒಬ್ಬರು ವೃದ್ಧ ಉಪದೇಶಿಗಳು. ಮುಚ್ಚಿದ ಕಿಟಕಿ, ಹಳದಿ ಬೆಳಕಿನ ಒಂದು ಬಲ್ಬು, ಗೋಡೆಯ ಮೇಲೆ ಪವಿತ್ರ ಹೃದಯದ ಪಟ. ಇಷ್ಟೇ ಆ ಕೋಣೆ. ಮೂರು ತಿಂಗಳು ಸತತವಾಗಿ ನಾನು ಅವರ ಎದುರು ಕುಳಿತೆ, ಪ್ರಾರ್ಥಿಸಿದೆ, ಅವರ ಮುಖ ನೋಡಿ ಮಾತನಾಡಿದೆ. "ವಯಸ್ಸಾಯಿತು ಸ್ವಾಮಿ, ಊಟ ಸೇರುವುದಿಲ್ಲ" ಎಂದರು. ವಯಸ್ಸಿನ ಧರ್ಮವೆಂದು ನಾನೂ ತಲೆಯಾಡಿಸಿದೆ.

ನಾಲ್ಕನೆಯ ತಿಂಗಳು ದಾದಿಯ ತರಬೇತಿ ಪಡೆದ ಧರ್ಮಭಗಿನಿಯೊಬ್ಬರು ನನ್ನ ಜೊತೆ ಬಂದರು. ಪ್ರಾರ್ಥನೆ ಮುಗಿದ ಮೇಲೆ ಅವರು ಮೊದಲು ಮಾಡಿದ ಕೆಲಸ ಕಿಟಕಿಯನ್ನು ತೆರೆದದ್ದು. ಬಳಿಕ ಉಪದೇಶಿಗಳ ಮುಖವನ್ನು ಬೆಳಕಿನ ಕಡೆಗೆ ತಿರುಗಿಸಿ, ಕೆಳರೆಪ್ಪೆಯನ್ನು ಮೆಲ್ಲನೆ ಎಳೆದು ಅದರ ಒಳಗಿನ ಕೆಂಪನ್ನು ನೋಡಿದರು. ಮೇಲಿನ ರೆಪ್ಪೆಯನ್ನು ಎತ್ತಿ, "ನೆಲ ನೋಡಿ" ಎಂದರು. ಕಣ್ಣಿನ ಬಿಳಿಭಾಗ ಅರಿಸಿನದ ಬಣ್ಣಕ್ಕೆ ತಿರುಗಿತ್ತು. ಅಂಗೈ ಬಿಡಿಸಿ ನೋಡಿದರು, ಮಣಿಕಟ್ಟು ಹಿಡಿದು ಗಡಿಯಾರ ನೋಡಿದರು, ಹೊಟ್ಟೆಯ ಮೇಲೆ ಕೈಯಿಟ್ಟರು. ಎಲ್ಲ ಸೇರಿ ಐದು ನಿಮಿಷವೂ ಆಗಿರಲಿಲ್ಲ. "ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗೋಣ, ಫಾದರ್" ಎಂದರು.

ಯಕೃತ್ತಿನ ರೋಗ ಆಗಲೇ ಬಹಳ ಮುಂದುವರಿದಿತ್ತು. ಉಪದೇಶಿಗಳು ಆ ವರ್ಷದ ಪಾಸ್ಕ ಹಬ್ಬದವರೆಗೆ ಬದುಕಿದ್ದರು. ಮೂರು ತಿಂಗಳು ಮೊದಲೇ ತಿಳಿದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಉತ್ತರವಿಲ್ಲ. ಆದರೆ ಇನ್ನೊಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ಇಬ್ಬರೂ ಅದೇ ಕಣ್ಣುಗಳನ್ನು ನೋಡಿದೆವು. ಅವರಿಗೆ ಕಂಡದ್ದು ನನಗೇಕೆ ಕಾಣಲಿಲ್ಲ? ಈ ಪ್ರಶ್ನೆಯನ್ನು ಹಿಡಿದುಕೊಂಡೇ ನಾನು ವೈದ್ಯಶಾಸ್ತ್ರದ ಚರಿತ್ರೆಯನ್ನು ಓದತೊಡಗಿದೆ. ಮನುಷ್ಯನ ಮೈಯನ್ನು ಓದಲು ಮನುಷ್ಯನಿಗೆ ಎಷ್ಟು ಶತಮಾನಗಳು ಬೇಕಾದವು ಎಂಬುದು ಆಗ ತಿಳಿಯಿತು. ವೈದ್ಯಕೀಯ ವಿದ್ಯಾರ್ಥಿಗಳಿಗೆ ಇಂದಿಗೂ ರೋಗಿಯ ಪರೀಕ್ಷೆಯನ್ನು ನಾಲ್ಕು ಹೆಜ್ಜೆಗಳಲ್ಲಿ ಕಲಿಸುತ್ತಾರೆ: ನೋಡು, ಮುಟ್ಟು, ತಟ್ಟು, ಆಲಿಸು. ಈ ಒಂದೊಂದು ಪದದ ಹಿಂದೆಯೂ ಒಂದೊಂದು ಕಥೆಯಿದೆ.

ನೋಡು

ಕ್ರಿಸ್ತಪೂರ್ವದ ಗ್ರೀಸಿನಲ್ಲಿ ಹಿಪ್ಪೊಕ್ರಾಟಿಸನ ಹೆಸರಿನಲ್ಲಿ ಬರೆಯಲಾದ ಗ್ರಂಥಗಳಲ್ಲಿ ಒಂದು, ರೋಗದ ಗತಿಯನ್ನು ಮುಂದಾಗಿ ತಿಳಿಯುವ ಬಗೆಯನ್ನು ಹೇಳುತ್ತದೆ. ವೈದ್ಯನು ಮೊದಲು ರೋಗಿಯ ಮುಖವನ್ನು ನೋಡಬೇಕು, ಅದು ಆರೋಗ್ಯವಂತರ ಮುಖದಂತೆ, ವಿಶೇಷವಾಗಿ ಆ ವ್ಯಕ್ತಿಯ ಎಂದಿನ ಮುಖದಂತೆ ಇದೆಯೇ ಎಂದು ಕೇಳಿಕೊಳ್ಳಬೇಕು ಎಂಬುದು ಅದರ ಬೋಧನೆ. ಚೂಪಾದ ಮೂಗು, ಗುಳಿಬಿದ್ದ ಕಣ್ಣು, ಕುಸಿದ ಕಪೋಲ, ತಣ್ಣಗಾಗಿ ಮುದುಡಿದ ಕಿವಿ. ಇವು ಸಾವು ಹತ್ತಿರವಿರುವ ಮುಖದ ಗುರುತುಗಳು. ಕಣ್ಣು ಬೆಳಕನ್ನು ತಾಳದೆ ತಿರುಗುವುದೇ, ನಿದ್ರೆಯಲ್ಲಿ ರೆಪ್ಪೆಗಳ ನಡುವೆ ಬಿಳಿ ಕಾಣುವುದೇ ಎಂಬುದನ್ನೂ ಗಮನಿಸಬೇಕು. ಅದೇ ಗ್ರಂಥ ಇನ್ನೊಂದು ಎಚ್ಚರಿಕೆಯನ್ನೂ ಕೊಡುತ್ತದೆ. ರೋಗಿಯು ನಿದ್ದೆಗೆಟ್ಟಿದ್ದಾನೆಯೇ, ಭೇದಿಯಾಗಿದೆಯೇ, ಹಸಿದಿದ್ದಾನೆಯೇ ಎಂದು ಮೊದಲು ವಿಚಾರಿಸಬೇಕು. ಏಕೆಂದರೆ ಅವುಗಳಿಂದಲೂ ಮುಖ ಹಾಗೆ ಕಾಣಬಹುದು. ನೋಡುವುದಕ್ಕೆ ಕೇಳುವುದೂ ಸೇರಿದೆ.

ಆದರೆ ಕಣ್ಣಿನ ಮೇಲ್ಮೈಯನ್ನು ನೋಡುವುದು ಬೇರೆ, ಒಳಗನ್ನು ನೋಡುವುದು ಬೇರೆ. ಕಣ್ಣಿನ ಪಾಪೆ ಏಕೆ ಕಪ್ಪಾಗಿ ಕಾಣುತ್ತದೆ ಎಂಬುದು ಬಹುಕಾಲ ಒಗಟಾಗಿತ್ತು. ಪ್ರಷ್ಯದ ಕೋನಿಗ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಹರ್ಮನ್ ಹೆಲ್ಮ್‌ಹೋಲ್ಟ್ಸ್ ಎಂಬ ತರುಣ ಪ್ರಾಧ್ಯಾಪಕರು 1850ರ ಕೊನೆಯಲ್ಲಿ ಆ ಒಗಟನ್ನು ಬಿಡಿಸಿದರು. ಕಣ್ಣಿನೊಳಗೆ ಹೋದ ಬೆಳಕು ಬಂದ ದಾರಿಯಲ್ಲಿಯೇ ಹಿಂತಿರುಗುತ್ತದೆ. ಅದನ್ನು ಕಾಣಬೇಕಾದರೆ ನಾವು ಅದೇ ದಾರಿಯಲ್ಲಿ ನಿಲ್ಲಬೇಕು. ನಿಂತೊಡನೆ ನಮ್ಮ ತಲೆಯೇ ಬೆಳಕಿಗೆ ಅಡ್ಡವಾಗುತ್ತದೆ. ನೋಡುವವನ ನೆರಳೇ ನೋಟವನ್ನು ಕೆಡಿಸುತ್ತಿತ್ತು. ಓರೆಯಾಗಿಟ್ಟ ಗಾಜಿನ ತೆಳುಫಲಕಗಳಿಂದ ದೀಪದ ಬೆಳಕನ್ನು ರೋಗಿಯ ಕಣ್ಣಿಗೆ ಪ್ರತಿಫಲಿಸಿ, ಅದೇ ಫಲಕಗಳ ಮೂಲಕ ಇಣುಕಿ ನೋಡುವ ಉಪಕರಣವನ್ನು ಅವರು ಮಾಡಿದರು. 1851ರಲ್ಲಿ ಅದರ ವಿವರಣೆ ಪ್ರಕಟವಾಯಿತು. ಜೀವಂತ ಮನುಷ್ಯನ ರಕ್ತನಾಳಗಳನ್ನೂ ಮೆದುಳಿನಿಂದ ಬರುವ ನರದ ತುದಿಯನ್ನೂ ಕೊಯ್ಯದೆ, ಚುಚ್ಚದೆ, ಕಣ್ಣಾರೆ ಕಾಣುವುದು ಅಂದಿನಿಂದ ಸಾಧ್ಯವಾಯಿತು. ಸಕ್ಕರೆ ಕಾಯಿಲೆ, ರಕ್ತದ ಏರೊತ್ತಡ, ಮೆದುಳಿನ ಸುತ್ತ ಹೆಚ್ಚಿದ ಒತ್ತಡ ಇವೆಲ್ಲವೂ ಆ ಪುಟ್ಟ ಕಿಟಕಿಯಲ್ಲಿ ಗುರುತು ಬಿಡುತ್ತವೆ.

ಕಿವಿಯ ಕಥೆಯೂ ಇದಕ್ಕೆ ಹತ್ತಿರದ್ದೇ. ಕಿವಿಯ ನಾಳ ಕಿರಿದು, ಬಾಗಿದ್ದು, ಕತ್ತಲೆಯದು. ತಮಟೆಯನ್ನು ನೋಡಲು ವೈದ್ಯರು ರೋಗಿಯನ್ನು ಬಿಸಿಲಿಗೆ ಕೂರಿಸುತ್ತಿದ್ದರು. ಮೋಡವಿದ್ದ ದಿನ ಪರೀಕ್ಷೆಯಿಲ್ಲ. 1841ರಲ್ಲಿ ಜರ್ಮನಿಯ ವೆಸ್ಟ್‌ಫಾಲಿಯ ಪ್ರಾಂತದ ಸಣ್ಣ ಊರೊಂದರ ವೈದ್ಯ ಫ್ರೀಡ್ರಿಖ್ ಹೋಫ್ಮನ್, ನಡುವೆ ರಂಧ್ರವಿರುವ ನಿಮ್ನ ದರ್ಪಣದಿಂದ ಬೆಳಕನ್ನು ಕಿವಿಯೊಳಗೆ ಹಾಯಿಸಿ, ಆ ರಂಧ್ರದ ಮೂಲಕವೇ ನೋಡುವ ಉಪಾಯವನ್ನು ಪ್ರಕಟಿಸಿದರು. ಯಾರೂ ಹೆಚ್ಚಾಗಿ ಗಮನಿಸಲಿಲ್ಲ. 1855ರಲ್ಲಿ ಫಾನ್ ಟ್ರೋಲ್ಚ್ ಎಂಬುವರು ಅದೇ ಉಪಾಯವನ್ನು ತಾವಾಗಿಯೇ ಕಂಡುಕೊಂಡು ಪ್ಯಾರಿಸಿನಲ್ಲಿ ತೋರಿಸಿದ ಮೇಲೆ ಅದು ಬಳಕೆಗೆ ಬಂದಿತು. ಆರೋಗ್ಯವಂತ ತಮಟೆ ಮುತ್ತಿನಂತೆ ಬೂದುಬಣ್ಣದ್ದು. ಅದರ ಮೇಲೆ ತ್ರಿಕೋನಾಕಾರದ ಬೆಳಕಿನ ಹೊಳಪೊಂದು ಬೀಳುತ್ತದೆ. ಕೀವು ತುಂಬಿದ ಕಿವಿಯಲ್ಲಿ ಆ ಹೊಳಪು ಮಾಯವಾಗಿ ತಮಟೆ ಕೆಂಪಾಗಿ ಉಬ್ಬುತ್ತದೆ. ರಾತ್ರಿಯಿಡೀ ಅಳುವ, ಮಾತು ಬಾರದ ಕೂಸಿನ ನೋವು ಎಲ್ಲಿದೆ ಎಂಬುದನ್ನು ತಾಯಿಗೆ ಹೇಳಲು ಈ ಒಂದು ನೋಟ ಸಾಕು.

ಮುಟ್ಟು

ನಾಡಿ ಹಿಡಿಯದ ವೈದ್ಯಪದ್ಧತಿ ಲೋಕದಲ್ಲಿ ವಿರಳ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಲೆಕ್ಸಾಂಡ್ರಿಯದಲ್ಲಿ ಹೆರೊಫಿಲಸನು ನೀರಿನ ಗಡಿಯಾರವನ್ನಿಟ್ಟುಕೊಂಡು ನಾಡಿಯನ್ನು ಅಳೆದನೆಂದು ಹೇಳುತ್ತಾರೆ. ಎರಡನೆಯ ಶತಮಾನದ ಗ್ಯಾಲೆನನು ನಾಡಿಯ ಬಗೆಗಳ ಮೇಲೆ ಹಲವು ಗ್ರಂಥಗಳನ್ನೇ ಬರೆದ. ಆದರೆ ನಿಮಿಷಕ್ಕೆ ಇಷ್ಟು ಎಂದು ಎಣಿಸುವ ರೂಢಿ ಬಹಳ ತಡವಾಗಿ ಬಂದಿತು. ಇಂಗ್ಲೆಂಡಿನ ಲಿಚ್‌ಫೀಲ್ಡ್ ಪಟ್ಟಣದ ವೈದ್ಯ ಸರ್ ಜಾನ್ ಫ್ಲಾಯರ್ ಒಂದೇ ನಿಮಿಷ ನಡೆದು ನಿಲ್ಲುವ ಗಡಿಯಾರವನ್ನು ಮಾಡಿಸಿ, 1707ರಲ್ಲಿ ನಾಡಿ ಗಡಿಯಾರದ ಕುರಿತು ಪುಸ್ತಕ ಪ್ರಕಟಿಸಿದರು.

ಇದೇ ಫ್ಲಾಯರರ ಬದುಕಿನ ಇನ್ನೊಂದು ಪ್ರಸಂಗ ಮನಸ್ಸನ್ನು ಹಿಡಿದು ನಿಲ್ಲಿಸುತ್ತದೆ. ಅವರ ಊರಿನ ಪುಸ್ತಕ ವ್ಯಾಪಾರಿಯೊಬ್ಬರ ಕೂಸಿಗೆ ಕತ್ತಿನಲ್ಲಿ ಗಂಟುಗಳಾಗುವ ಗಂಡಮಾಲೆ ರೋಗವಿತ್ತು. ರಾಜರ ಸ್ಪರ್ಶದಿಂದ ಆ ರೋಗ ವಾಸಿಯಾಗುತ್ತದೆಂಬ ನಂಬಿಕೆ ಆಗ ಇತ್ತು. ಕೂಸನ್ನು ಲಂಡನ್ನಿಗೆ ಕರೆದೊಯ್ದು ರಾಣಿ ಆನ್‌ಳಿಂದ ಮುಟ್ಟಿಸುವಂತೆ ಸಲಹೆ ಕೊಟ್ಟವರು, ನಾಡಿಯನ್ನು ಗಡಿಯಾರದಿಂದ ಎಣಿಸಿದ ಇದೇ ಫ್ಲಾಯರ್! 1712ರಲ್ಲಿ ರಾಣಿ ಆ ಮಗುವನ್ನು ಮುಟ್ಟಿದಳು, ರೋಗ ವಾಸಿಯಾಗಲಿಲ್ಲ. ಆ ಮಗುವೇ ಮುಂದೆ ಇಂಗ್ಲಿಷ್ ನಿಘಂಟುಕಾರನೆಂದು ಹೆಸರಾದ ಸ್ಯಾಮ್ಯುಯೆಲ್ ಜಾನ್ಸನ್. ಒಬ್ಬನೇ ಮನುಷ್ಯನಲ್ಲಿ ಎರಡು ಬಗೆಯ ಸ್ಪರ್ಶಗಳು ಹೀಗೆ ಜೊತೆಯಾಗಿದ್ದವು: ರೋಗವನ್ನು ಓಡಿಸುವ ಶಕ್ತಿ ತನಗಿದೆಯೆನ್ನುವ ಸ್ಪರ್ಶ, ಮತ್ತು ರೋಗಿಯಿಂದ ಕಲಿಯಲು ಬರುವ ಸ್ಪರ್ಶ. ಮುಂದೆ ಉಳಿದು ಬೆಳೆದದ್ದು ಎರಡನೆಯದೇ.

ಹಣೆ ಮುಟ್ಟಿ ಜ್ವರ ತಿಳಿಯುವುದು ಪ್ರತಿ ತಾಯಿಯ ವಿದ್ಯೆ. ಅದಕ್ಕೆ ಅಂಕಿಯ ಭಾಷೆ ಕೊಟ್ಟವರು ಲೈಪ್‌ಜಿಗ್ ನಗರದ ಕಾರ್ಲ್ ವುಂಡರ್ಲಿಖ್. ಸುಮಾರು 25,000 ರೋಗಿಗಳ ಕಂಕುಳಿನಲ್ಲಿ ಉಷ್ಣಮಾಪಕವಿಟ್ಟು ಕಂಡದ್ದನ್ನು ಅವರು 1868ರಲ್ಲಿ ಗ್ರಂಥವಾಗಿ ಹೊರತಂದರು. ಆಗಿನ ಉಷ್ಣಮಾಪಕ ಒಂದು ಅಡಿಯಷ್ಟು ಉದ್ದ. ಹದಿನೈದು ಇಪ್ಪತ್ತು ನಿಮಿಷ ಕಾಯಬೇಕಿತ್ತು. ಇಂಗ್ಲೆಂಡಿನ ಕ್ಲಿಫರ್ಡ್ ಆಲ್ಬಟ್ 1860ರ ದಶಕದಲ್ಲಿ ಆರು ಅಂಗುಲದ, ಐದು ನಿಮಿಷದಲ್ಲಿ ಉತ್ತರ ಹೇಳುವ ಮಾಪಕವನ್ನು ತಂದ ಮೇಲೆ ಅದು ವೈದ್ಯರ ಜೇಬು ಸೇರಿತು. ಜ್ವರವೇ ಒಂದು ರೋಗವೆಂದು ತಿಳಿದಿದ್ದ ಲೋಕಕ್ಕೆ, ಅದು ಅನೇಕ ರೋಗಗಳು ತೋರಿಸುವ ಒಂದು ಚಿಹ್ನೆಯೆಂದು ವುಂಡರ್ಲಿಖ್ ಕಲಿಸಿದರು.

ತಟ್ಟು

ಆಸ್ಟ್ರಿಯದ ಗ್ರಾಜ್ ನಗರದಲ್ಲಿ 1722ರಲ್ಲಿ ಒಬ್ಬ ಛತ್ರದ ಯಜಮಾನನಿಗೆ ಮಗನಾಗಿ ಹುಟ್ಟಿದವರು ಲಿಯೊಪೋಲ್ಡ್ ಔವೆನ್‌ಬ್ರುಗ್ಗರ್. ಪೀಪಾಯಿಯಲ್ಲಿ ದ್ರಾಕ್ಷಾರಸ ಎಷ್ಟಿದೆಯೆಂದು ತಿಳಿಯಲು ಹೊರಗಿನಿಂದ ತಟ್ಟಿ ನೋಡುವುದನ್ನು ಬಾಲ್ಯದಲ್ಲೇ ಕಂಡಿದ್ದರೆಂದು ಅವರ ಬಗ್ಗೆ ಹೇಳುವುದುಂಟು. ನಮ್ಮ ಕಡೆಯ ಹೆಂಗಸರು ಮಡಕೆ ಕೊಳ್ಳುವಾಗ ಬೆರಳಿನಿಂದ ತಟ್ಟಿ ನೋಡುವುದಿಲ್ಲವೇ, ಹಾಗೆಯೇ. ವಿಯೆನ್ನಾದ ಸ್ಪ್ಯಾನಿಷ್ ಆಸ್ಪತ್ರೆಯಲ್ಲಿ ವೈದ್ಯರಾಗಿ ಅವರು ರೋಗಿಗಳ ಎದೆಯನ್ನು ಬೆರಳ ತುದಿಗಳಿಂದ ಮೆಲ್ಲನೆ ತಟ್ಟಿ, ಏಳುವ ನಾದವನ್ನು ಗಮನಿಸಿದರು. ಆರೋಗ್ಯವಂತರ ಎದೆ ಬಟ್ಟೆ ಹೊದಿಸಿದ ನಗಾರಿಯಂತೆ ನುಡಿಯುತ್ತದೆ. ನೀರು ತುಂಬಿದ್ದರೆ ಅಥವಾ ಶ್ವಾಸಕೋಶ ಗಟ್ಟಿಯಾಗಿದ್ದರೆ ಆ ನಾದ ಮಂದವಾಗುತ್ತದೆ. ಬರಿಯ ಮೈಯನ್ನು ಬರಿಯ ಕೈ ಮುಟ್ಟದಿರಲಿ ಎಂದು ರೋಗಿಯ ಅಂಗಿಯನ್ನು ಬಿಗಿಯಾಗಿ ಎಳೆದು ಅಥವಾ ವೈದ್ಯನು ಕೈಗವಸು ಧರಿಸಿ ತಟ್ಟಬೇಕೆಂದು ಅವರು ವಿಧಿಸಿದರು. ಏಳು ವರ್ಷಗಳ ಅನುಭವವನ್ನು ಕೂಡಿಸಿ 1761ರಲ್ಲಿ ಒಂದು ಕಿರುಹೊತ್ತಗೆಯನ್ನು ಲತೀನಿನಲ್ಲಿ ಪ್ರಕಟಿಸಿದರು. ಅವರಿಗೆ ಸಂಗೀತದ ಕಿವಿಯೂ ಇತ್ತು. ಸಲಿಯೇರಿಯ ಗೀತನಾಟಕವೊಂದಕ್ಕೆ ಸಾಹಿತ್ಯ ಬರೆದುಕೊಟ್ಟವರು ಅವರೇ.

ಲೋಕ ಅವರನ್ನು ಹೆಚ್ಚಾಗಿ ಮರೆತೇಬಿಟ್ಟಿತು. 1808ರಲ್ಲಿ, ನೆಪೋಲಿಯನ್ನನ ವೈದ್ಯರಾಗಿದ್ದ ಕಾರ್ವಿಸಾರ್ ಆ ಪುಸ್ತಕವನ್ನು ತಮ್ಮದೇ ಟಿಪ್ಪಣಿಗಳೊಡನೆ ಫ್ರೆಂಚಿಗೆ ಅನುವಾದಿಸಿದರು. ತಟ್ಟುವ ವಿದ್ಯೆಯನ್ನು ತಮ್ಮದೇ ಎಂದು ಹೇಳಿಕೊಳ್ಳಬಹುದಾಗಿದ್ದ ಪ್ರತಿಷ್ಠಿತ ವ್ಯಕ್ತಿ, ಮರೆತುಹೋದ ವೃದ್ಧನಿಗೆ ಅವನ ಗೌರವವನ್ನು ಹಿಂದಿರುಗಿಸಿದರು. ಮುಂದಿನ ವರ್ಷವೇ ಔವೆನ್‌ಬ್ರುಗ್ಗರ್ ಕಣ್ಣುಮುಚ್ಚಿದರು.

ಆಲಿಸು

ಕಾರ್ವಿಸಾರರ ಶಿಷ್ಯರಲ್ಲಿ ಬ್ರಿಟನಿ ಪ್ರಾಂತದ ಒಬ್ಬ ಸಣಕಲು ಯುವಕನಿದ್ದ. ಆತನ ಹೆಸರು ರೆನೆ ಲೆನೆಕ್. 1781ರಲ್ಲಿ ಕ್ಯಾಂಪೆರ್ ಎಂಬ ಊರಿನಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ತಾಯಿಯನ್ನು ಕಳೆದುಕೊಂಡು, ನಾಂಟ್ ನಗರದಲ್ಲಿ ವೈದ್ಯರಾಗಿದ್ದ ಚಿಕ್ಕಪ್ಪನ ಮನೆಯಲ್ಲಿ ಬೆಳೆದವರು. ಫ್ರೆಂಚ್ ಕ್ರಾಂತಿಯ ರಕ್ತಪಾತವನ್ನು ಬಾಲಕನಾಗಿ ಹತ್ತಿರದಿಂದ ಕಂಡವರು. ಧರ್ಮವೆಂದರೆ ನಗೆಪಾಟಲಾಗಿದ್ದ ಪ್ಯಾರಿಸಿನ ವೈದ್ಯವಲಯದಲ್ಲಿ ತಮ್ಮ ಕಥೋಲಿಕ ವಿಶ್ವಾಸವನ್ನು ಮರೆಮಾಚದೆ ಬಾಳಿದವರು. 1814ರಲ್ಲಿ ಯುದ್ಧದ ಗಾಯಾಳುಗಳು ಪ್ಯಾರಿಸಿನ ಆಸ್ಪತ್ರೆಗಳನ್ನು ತುಂಬಿದಾಗ, ಫ್ರೆಂಚ್ ಬಾರದೆ ಮೂಕರಂತಿದ್ದ ಬ್ರಿಟನಿಯ ರೈತಸೈನಿಕರನ್ನು ಒಂದೆಡೆ ಸೇರಿಸಿ, ಅವರದೇ ಬ್ರೆಟನ್ ನುಡಿಯಲ್ಲಿ ಆರೈಕೆ ಮಾಡುವ ವ್ಯವಸ್ಥೆ ಮಾಡಿದರು. ಕೊಳವೆಯೊಂದನ್ನು ಕಂಡುಹಿಡಿಯುವ ಮೊದಲೇ ಅವರು ಆಲಿಸಲು ಕಲಿತಿದ್ದರು.

1816ರಲ್ಲಿ ಅವರು ಪ್ಯಾರಿಸಿನ ನೆಕ್ಕೆರ್ ಆಸ್ಪತ್ರೆಯ ವೈದ್ಯರಾದರು. ಒಂದು ದಿನ ಹೃದ್ರೋಗದ ಲಕ್ಷಣಗಳಿದ್ದ ತರುಣಿಯೊಬ್ಬಳು ಬಂದಳು. ಆಕೆಯ ಮೈ ಸ್ಥೂಲವಾಗಿದ್ದುದರಿಂದ ತಟ್ಟಿ ನೋಡಿ ಪ್ರಯೋಜನವಾಗಲಿಲ್ಲ. ಎದೆಗೆ ನೇರವಾಗಿ ಕಿವಿಯಿಡುವ ಪದ್ಧತಿ ಹಿಂದಿನಿಂದ ಇತ್ತಾದರೂ, ಆಕೆಯ ವಯಸ್ಸು ಮತ್ತು ಸ್ತ್ರೀತ್ವದ ದೃಷ್ಟಿಯಿಂದ ಅದು ಮರ್ಯಾದೆಯಲ್ಲವೆಂದು ಲೆನೆಕ್ ಹಿಂಜರಿದರು. ಆಗ ಅವರಿಗೆ ಒಂದು ಸಂಗತಿ ನೆನಪಾಯಿತು: ಮರದ ತೊಲೆಯ ಒಂದು ತುದಿಯನ್ನು ಗುಂಡುಸೂಜಿಯಿಂದ ಗೀಚಿದರೆ ಇನ್ನೊಂದು ತುದಿಗೆ ಕಿವಿಯಿಟ್ಟವನಿಗೆ ಅದು ಸ್ಪಷ್ಟವಾಗಿ ಕೇಳುತ್ತದೆ. ಕಾಗದದ ಹಾಳೆಗಳನ್ನು ಬಿಗಿಯಾಗಿ ಸುತ್ತಿ ಕೊಳವೆ ಮಾಡಿ, ಒಂದು ತುದಿಯನ್ನು ಆಕೆಯ ಎದೆಯ ಮೇಲಿಟ್ಟು ಇನ್ನೊಂದಕ್ಕೆ ಕಿವಿಗೊಟ್ಟರು. ನೇರವಾಗಿ ಕಿವಿಯಿಟ್ಟಾಗ ಕೇಳುತ್ತಿದ್ದುದಕ್ಕಿಂತ ಹೆಚ್ಚು ನಿಚ್ಚಳವಾಗಿ ಹೃದಯದ ಬಡಿತ ಕೇಳಿಸಿತು. ಒಬ್ಬ ಬಡ ಹೆಣ್ಣುಮಗಳ ಮಾನಕ್ಕೆ ಸಲ್ಲಿಸಿದ ಗೌರವದಿಂದ ಸ್ಟೆತೊಸ್ಕೋಪು ಹುಟ್ಟಿತು ಎಂದರೆ ಅದು ಅಲಂಕಾರದ ಮಾತಲ್ಲ, ಚರಿತ್ರೆ.

ಕೊಳಲು ನುಡಿಸುತ್ತಿದ್ದ ಲೆನೆಕ್, ಮರದ ಕೊಳವೆಗಳನ್ನು ಚರಕಿಯ ಮೇಲೆ ತಾವೇ ಕಡೆದು ತಯಾರಿಸಿದರು. ಮೂರು ವರ್ಷ ನೂರಾರು ಎದೆಗಳಿಗೆ ಕಿವಿಗೊಟ್ಟರು. ತೀರಿಕೊಂಡವರ ಶವಗಳನ್ನು ಪರೀಕ್ಷಿಸಿ, ಜೀವವಿದ್ದಾಗ ಕೇಳಿದ ಸದ್ದಿಗೂ ಒಳಗೆ ಕಂಡ ಗಾಯಕ್ಕೂ ಇರುವ ಸಂಬಂಧವನ್ನು ಬರೆದಿಟ್ಟರು. 1819ರಲ್ಲಿ ಎರಡು ಸಂಪುಟಗಳ ಗ್ರಂಥ ಹೊರಬಂದಿತು. ಅದರಲ್ಲಿ ಎದೆಯ ಸದ್ದುಗಳಿಗೆ ಹೆಸರಿಡುವುದೂ ಒಂದು ಕೆಲಸವಾಗಿತ್ತು. ಮೇಕೆಯ ಅರಚಿನಂತೆ ನಡುಗುವ ಧ್ವನಿಗೆ ಒಂದು ಹೆಸರು, ಎದೆಯೇ ಮಾತನಾಡಿದಂತೆ ಕೇಳುವ ಧ್ವನಿಗೆ ಇನ್ನೊಂದು. ಕಫದ ಗೊರಗೊರ ಸದ್ದಿಗೆ ಅವರು 'ರಾಲ್' ಎಂಬ ಫ್ರೆಂಚ್ ಪದವನ್ನು ಬಳಸಿದರು. ಆದರೆ ಜನಸಾಮಾನ್ಯರ ಬಾಯಲ್ಲಿ ಆ ಪದಕ್ಕೆ ಸಾಯುವವನ ಗಂಟಲಿನ ಗೊರಕೆ ಎಂಬ ಅರ್ಥವಿತ್ತು. ಹಾಸಿಗೆಯಲ್ಲಿರುವವರು ಕೇಳಿ ಬೆದರಬಾರದೆಂದು, ರೋಗಿಯ ಬಳಿ ನಿಂತಾಗ ಅವರು ಅದರ ಬದಲು 'ರಾಂಕಸ್' ಎಂಬ ಲತೀನ್ ಪದವನ್ನು ಬಳಸುತ್ತಿದ್ದರು. ಇಡೀ ಶಾಸ್ತ್ರವನ್ನು ಕಟ್ಟುತ್ತಿದ್ದ ವ್ಯಕ್ತಿ, ತನ್ನ ಒಂದು ಪದ ಯಾರ ಕಿವಿಗೆ ಬೀಳುತ್ತದೆ ಎಂಬುದನ್ನು ಮರೆಯಲಿಲ್ಲ.

ಅವರು ಅತಿ ಹೆಚ್ಚಾಗಿ ಆಲಿಸಿದ ರೋಗ ಕ್ಷಯ. ಅದು ಅವರ ತಮ್ಮನನ್ನು ಆಗಲೇ ಬಲಿ ತೆಗೆದುಕೊಂಡಿತ್ತು. 1826ರಲ್ಲಿ ತಮ್ಮ ಗ್ರಂಥದ ಎರಡನೆಯ ಆವೃತ್ತಿಯನ್ನು ಮುಗಿಸಿ, ಮೈಸೋತು ಬ್ರಿಟನಿಗೆ ಹಿಂದಿರುಗಿದರು. ವೈದ್ಯರಾಗಿದ್ದ ಅವರ ಸೋದರಸಂಬಂಧಿ ಮೆರಿಯಾಡೆಕ್ ಅದೇ ಕೊಳವೆಯಿಂದ ಅವರ ಎದೆಯನ್ನು ಪರೀಕ್ಷಿಸಿ, ಕೇಳಿಸಿದ್ದನ್ನು ಅವರಿಗೆ ವಿವರಿಸಿದರು. ಅನ್ಯರ ಎದೆಗಳಲ್ಲಿ ಎಷ್ಟೋ ಸಲ ಕೇಳಿ ಬರೆದಿದ್ದ ಆ ಸದ್ದುಗಳ ಅರ್ಥ ಲೆನೆಕರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆ ವರ್ಷದ ಆಗಸ್ಟ್ 13ರಂದು, 45ನೆಯ ವಯಸ್ಸಿನಲ್ಲಿ ಅವರು ದೈವಾಧೀನರಾದರು. ತಮ್ಮ ಸ್ಟೆತೊಸ್ಕೋಪನ್ನು ಮೆರಿಯಾಡೆಕ್‌ಗೆ ಬಿಟ್ಟುಹೋದರು. ತಮ್ಮ ಆಸ್ತಿಯಲ್ಲಿ ಅದೇ ಶ್ರೇಷ್ಠ ಭಾಗವೆಂದು ಅವರು ಬಗೆದಿದ್ದರು.

ಆಲಿಸುವ ಈ ವಿದ್ಯೆಯೇ ಮುಂದೆ ರಕ್ತದೊತ್ತಡಕ್ಕೂ ನೆರವಾಯಿತು. ರಕ್ತದ ಒತ್ತಡವನ್ನು ಮೊದಲು ಅಳೆದವರು ವೈದ್ಯರಲ್ಲ. ಇಂಗ್ಲೆಂಡಿನ ಟೆಡಿಂಗ್‌ಟನ್ ಎಂಬಲ್ಲಿ ಆಂಗ್ಲಿಕನ್ ಸಭೆಯ ಗುರುಗಳಾಗಿದ್ದ ಸ್ಟೀಫನ್ ಹೇಲ್ಸ್. ಕುದುರೆಯ ಧಮನಿಗೆ ಗಾಜಿನ ಕೊಳವೆ ಸೇರಿಸಿದಾಗ ರಕ್ತ ಎಂಟು ಅಡಿಗೂ ಮೇಲೇರಿತೆಂದು ಅವರು 1733ರಲ್ಲಿ ಪ್ರಕಟಿಸಿದರು. ಮನುಷ್ಯರಿಗೆ ಅಂತಹ ಪರೀಕ್ಷೆ ಸಾಧ್ಯವೇ? ಇಟಲಿಯ ರೀವಾ-ರೊಚ್ಚಿ 1896ರಲ್ಲಿ ತೋಳಿಗೆ ಗಾಳಿಪಟ್ಟಿ ಕಟ್ಟುವ ಉಪಕರಣವನ್ನು ಕೊಟ್ಟರು. 1905ರಲ್ಲಿ ರಷ್ಯದ ಶಸ್ತ್ರವೈದ್ಯ ನಿಕೊಲಾಯ್ ಕೊರೊಟ್ಕೊಫ್, ಪಟ್ಟಿಯ ಕೆಳಗೆ ಸ್ಟೆತೊಸ್ಕೋಪಿಟ್ಟು ಆಲಿಸಿದರೆ ಸದ್ದು ಹುಟ್ಟುವ ಮತ್ತು ಅಡಗುವ ಕ್ಷಣಗಳಿಂದ ಒತ್ತಡದ ಎರಡು ಅಂಕಿಗಳೂ ಸಿಗುತ್ತವೆಂದು ಒಂದು ಪುಟಕ್ಕೂ ಕಡಿಮೆಯ ಬರಹದಲ್ಲಿ ತಿಳಿಸಿದರು.

ತೀರಿಸಲಾಗದ ಋಣ

ಈ ಚರಿತ್ರೆಯನ್ನು ಓದುವಾಗ ಸಂಶೋಧಕರ ಹೆಸರುಗಳಷ್ಟೇ ನಮ್ಮ ಕಣ್ಣಿಗೆ ಬೀಳುತ್ತವೆ. ಅವರು ಓದಿದ ಪುಸ್ತಕ ಯಾವುದು? ಬಡವರ ಮೈ. ಶ್ರೀಮಂತರಿಗೆ ವೈದ್ಯರು ಮನೆಗೆ ಬರುತ್ತಿದ್ದರು. ಧರ್ಮಾಸ್ಪತ್ರೆಯ ಹಾಸಿಗೆಗಳಲ್ಲಿ ಮಲಗಿ, ಪದೇ ಪದೇ ಪರೀಕ್ಷೆಗೊಳಗಾಗಿ, ಸತ್ತ ಮೇಲೂ ಪಾಠ ಹೇಳಿದವರು ದಿಕ್ಕಿಲ್ಲದವರು. 1863ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ಪಿಯೆರ್ ಬಿಟೊ ಎಂಬ ವೈದ್ಯರು ಅನಾಥಾಲಯದ ಮಕ್ಕಳ ಕಣ್ಣಿನ ಬಿಳಿಭಾಗದಲ್ಲಿ ನೊರೆಯಂತಹ ಬೂದು ಮಚ್ಚೆಗಳನ್ನು ಗುರುತಿಸಿದರು. ಆ ಮಕ್ಕಳಿಗೆ ಇರುಳುಗುರುಡೂ ಇತ್ತು. 'ಎ' ಜೀವಸತ್ವದ ಹೆಸರೇ ಇಲ್ಲದಿದ್ದ ಕಾಲವದು. ಇಂದಿಗೂ ಆ ಮಚ್ಚೆ 'ಬಿಟೊ ಮಚ್ಚೆ' ಎಂದೇ ಪ್ರಸಿದ್ಧ. ಮಗುವಿನ ಹಸಿವನ್ನು ಮಗುವಿನ ಕಣ್ಣೇ ಹೇಳುತ್ತದೆ. ಈ ಚಿಹ್ನೆಗಳನ್ನು ಓದಲು ಬಂದುದರಿಂದಲೇ 1970ರಲ್ಲಿ ಭಾರತವು ಮಕ್ಕಳಿಗೆ 'ಎ' ಜೀವಸತ್ವದ ದ್ರವವನ್ನು ಕುಡಿಸುವ ಕಾರ್ಯಕ್ರಮವನ್ನು ಆರಂಭಿಸಿತು. ಬೋರ್ಡೋ ನಗರದ ಆ ಅನಾಥ ಮಕ್ಕಳ ಹೆಸರುಗಳು ನಮಗಾರಿಗೂ ನೆನಪಿಲ್ಲ.

ಅದೇ ಮಾತು ಕ್ಷಯರೋಗಿಗಳಿಗೂ ಸಲ್ಲುತ್ತದೆ. ಲೆನೆಕ್ ಕ್ಷಯವನ್ನು ಕೇಳಬಲ್ಲವರಾಗಿದ್ದರು, ಗುಣಪಡಿಸಬಲ್ಲವರಾಗಿರಲಿಲ್ಲ. ರೋಗಾಣುವನ್ನು ರಾಬರ್ಟ್ ಕಾಖ್ ತೋರಿಸಿದ್ದು 1882ರಲ್ಲಿ. ಅದನ್ನು ಕೊಲ್ಲುವ ಸ್ಟ್ರೆಪ್ಟೊಮೈಸಿನ್ ದೊರೆತದ್ದು 1943ರಲ್ಲಿ. ನಡುವಿನ ಒಂದು ಶತಮಾನಕ್ಕೂ ಮಿಕ್ಕಿದ ಕಾಲ, ಯಾರ ಎದೆಗಳಿಂದ ವಿದ್ಯೆ ಹುಟ್ಟಿತೋ ಅವರಿಗೆ ಆ ವಿದ್ಯೆಯಿಂದ ವಾಸಿಯಾಗಲಿಲ್ಲ.

ಔಷಧ ಬಂದ ಮೇಲಾದರೂ ಎಲ್ಲ ಸರಿಹೋಯಿತೇ? ಇದಕ್ಕೆ ಉತ್ತರ ನಮ್ಮ ನಾಡಿನಲ್ಲಿಯೇ ಇದೆ. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಅಲ್ಲಿನ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ಸಂಶೋಧಕರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನು ಕಂಡು ವಿಚಾರಿಸಿದರು. 1963ರಲ್ಲಿ ಪ್ರಕಟವಾದ ಅವರ ಅಧ್ಯಯನ, ಹಳ್ಳಿಯವರು ಅಜ್ಞಾನಿಗಳು, ಆಸ್ಪತ್ರೆಗೆ ಬಾರದವರು ಎಂಬ ನಂಬಿಕೆಯನ್ನು ತಲೆಕೆಳಗು ಮಾಡಿತು. ಬಹುತೇಕ ರೋಗಿಗಳಿಗೆ ತಮ್ಮ ಕೆಮ್ಮು, ಜ್ವರಗಳ ಅರಿವಿತ್ತು. ಅವರಲ್ಲಿ ಅರ್ಧಕ್ಕರ್ಧ ಜನ ತಾವಾಗಿಯೇ ವೈದ್ಯರ ಬಾಗಿಲಿಗೆ ಬಂದಿದ್ದರು. ಬಂದವರನ್ನು ಪರೀಕ್ಷಿಸದೆ, ಕೆಮ್ಮಿನ ಔಷಧದ ಸೀಸೆ ಕೊಟ್ಟು ಕಳುಹಿಸಲಾಗಿತ್ತು. ಚಿಹ್ನೆ ಬಾಗಿಲಿಗೇ ಬಂದು ನಿಂತಿತ್ತು, ಅದನ್ನು ಗಮನಿಸುವವರಿರಲಿಲ್ಲ. ಬಿಡದ ಕೆಮ್ಮಿರುವ ಪ್ರತಿಯೊಬ್ಬರ ಕಫವನ್ನೂ ಅವರು ಬಂದ ಆಸ್ಪತ್ರೆಯಲ್ಲೇ ಪರೀಕ್ಷಿಸಬೇಕೆಂಬ ತತ್ತ್ವ ನಮ್ಮ ದೇಶದ ಕ್ಷಯ ನಿಯಂತ್ರಣಕ್ಕೆ ತಳಹದಿಯಾದದ್ದು ಇಂತಹ ಅಧ್ಯಯನಗಳಿಂದಲೇ.

ಇಂದು ಸ್ಕ್ಯಾನ್ ಯಂತ್ರಗಳಿವೆ, ರಕ್ತಪರೀಕ್ಷೆಗಳಿವೆ. ಅವು ಅಸಂಖ್ಯಾತ ಜೀವಗಳನ್ನು ಉಳಿಸಿವೆ. ಅವುಗಳನ್ನು ಹಳಿಯುವುದು ಕೃತಘ್ನತೆ. ಕಣ್ಣಿಗೂ ಕಿವಿಗೂ ಸಿಗದ ಎಷ್ಟೋ ರೋಗಗಳು ಅವುಗಳಿಗೆ ಸಿಗುತ್ತವೆ. ಆದರೆ ಯಾವ ಪರೀಕ್ಷೆ ಬೇಕೆಂದು ನಿರ್ಧರಿಸಬೇಕಾದರೂ ಯಾರಾದರೊಬ್ಬರು ಮೊದಲು ಕಿಟಕಿ ತೆರೆದು ನೋಡಿರಬೇಕಲ್ಲವೇ?

ಅಭ್ಯಂಗದ ತೈಲ

ಪ್ರಭು ಯೇಸು ರೋಗಿಗಳನ್ನು ಹೇಗೆ ಕಂಡರೆಂಬುದನ್ನು ಸಂತ ಮಾರ್ಕನ ಶುಭಸಂದೇಶದಲ್ಲಿ ಓದುತ್ತೇವೆ. ಏಳನೆಯ ಅಧ್ಯಾಯದಲ್ಲಿ, ಕಿವುಡನೂ ತೊದಲನೂ ಆದ ಒಬ್ಬನನ್ನು ಪ್ರಭು ಜನಸಂದಣಿಯಿಂದ ಆಚೆಗೆ ಕರೆದೊಯ್ದು, ಅವನ ಕಿವಿಗಳಲ್ಲಿ ಬೆರಳಿಡುತ್ತಾರೆ, ನಾಲಿಗೆಯನ್ನು ಮುಟ್ಟುತ್ತಾರೆ. ಎಂಟನೆಯ ಅಧ್ಯಾಯದಲ್ಲಿ, ಬೆತ್ಸಾಯಿದದ ಕುರುಡನನ್ನು ಕೈಹಿಡಿದು ಊರ ಹೊರಗೆ ನಡೆಸುತ್ತಾರೆ. ಕಣ್ಣುಗಳನ್ನು ಮುಟ್ಟಿ, ಏನಾದರೂ ಕಾಣಿಸುತ್ತಿದೆಯೇ ಎಂದು ಕೇಳುತ್ತಾರೆ. ಮನುಷ್ಯರು ನಡೆದಾಡುವ ಮರಗಳಂತೆ ಕಾಣುತ್ತಾರೆಂಬ ಅವನ ಉತ್ತರಕ್ಕೆ ಕಿವಿಗೊಟ್ಟು, ಮತ್ತೊಮ್ಮೆ ಮುಟ್ಟುತ್ತಾರೆ. ಒಂದೇ ಮಾತಿನಿಂದ ಗುಣಪಡಿಸಬಲ್ಲವರು ರೋಗಿಯನ್ನು ಪ್ರಶ್ನಿಸಿದರು, ಅವನ ಉತ್ತರಕ್ಕಾಗಿ ಕಾದರು. ಗುರುಮಠದಲ್ಲಿ ಈ ಭಾಗವನ್ನು ಅಧ್ಯಯನ ಮಾಡಿದಾಗ, ಎರಡನೆಯ ಸ್ಪರ್ಶ ಏಕೆ ಬೇಕಾಯಿತೆಂದು ನಾವು ಬಹಳ ಚರ್ಚಿಸಿದ್ದೆವು. ಈಗ ನನಗೆ ಆ ಪ್ರಶ್ನೆಗಿಂತ ಪ್ರಭುವಿನ ಪ್ರಶ್ನೆಯೇ ದೊಡ್ಡದಾಗಿ ಕಾಣುತ್ತದೆ.

ಹಿಂದಿನ ಕಾಲದ ಅಂತಿಮ ಅಭ್ಯಂಗದ ವಿಧಿಯಲ್ಲಿ ಗುರುಗಳು ರೋಗಿಯ ಕಣ್ಣು, ಕಿವಿ, ಮೂಗು, ತುಟಿ, ಕೈ, ಕಾಲುಗಳಿಗೆ ಒಂದೊಂದಾಗಿ ಪವಿತ್ರ ತೈಲವನ್ನು ಲೇಪಿಸುತ್ತಿದ್ದರು. ಆಯಾ ಇಂದ್ರಿಯದ ಮೂಲಕ ಆದ ಪಾಪಗಳಿಗೆ ಕ್ಷಮೆ ಬೇಡುತ್ತಿದ್ದರು. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ, 1972ರಲ್ಲಿ ಪೋಪ್ ಆರನೆಯ ಪೌಲರು ಈ ಸಂಸ್ಕಾರವನ್ನು ಪರಿಷ್ಕರಿಸಿ, ಹಣೆ ಮತ್ತು ಕೈಗಳಿಗೆ ಲೇಪಿಸುವ ಈಗಿನ ಕ್ರಮವನ್ನು ತಂದರು. ಸಾಯುವವರಿಗೆ ಮಾತ್ರವಲ್ಲ, ಕಾಯಿಲೆಯಿಂದ ನರಳ��ವವರಿಗೂ ಇದು ಸಲ್ಲುತ್ತದೆಂಬುದನ್ನು ಸ್ಪಷ್ಟಪಡಿಸಿದರು. ನಾನು ಗುರುದೀಕ್ಷೆ ಪಡೆದದ್ದು ಹೊಸ ಕ್ರಮ ಬಂದು ಎಷ್ಟೋ ವರ್ಷಗಳ ಮೇಲೆ. ಹಳೆಯದನ್ನು ಪುಸ್ತಕದಲ್ಲಿ ಮಾತ್ರ ಕಂಡವನು. ಆದರೂ ಆ ಧರ್ಮಭಗಿನಿ ಕಿಟಕಿಯ ಬೆಳಕಿನಲ್ಲಿ ಉಪದೇಶಿಗಳ ಕಣ್ಣಿನಿಂದ ಅಂಗೈಯವರೆಗೆ ಒಂದೊಂದನ್ನೇ ಮುಟ್ಟಿ ನೋಡಿದಾಗ ನನಗೆ ಆ ಹಳೆಯ ವಿಧಿಯೇ ನೆನಪಾಯಿತು.

ಉಪದೇಶಿಗಳ ಕೊನೆಯ ವಾರದಲ್ಲಿ ನಾನು ಅವರಿಗೆ ಅಭ್ಯಂಗ ಸಂಸ್ಕಾರವನ್ನು ನೀಡಿದೆ. ಮೊದಲು ಕಿಟಕಿ ತೆರೆದೆ. ಹಣೆಗೆ ತೈಲವಿಡುವಾಗ ಆ ಹಳದಿ ಕಣ್ಣುಗಳನ್ನು ನೋಡಿದೆ; ಅವು ನನ್ನನ್ನೇ ನೋಡುತ್ತಿದ್ದವು. ಮೂರು ತಿಂಗಳು ಕಾಣದವನಾಗಿದ್ದಕ್ಕೆ ಕ್ಷಮಿಸಿ ಎಂದೆ. ಅವರು ನನ್ನ ಕೈಯನ್ನು ಹಿಡಿದುಕೊಂಡು, "ಪ್ರತಿ ತಿಂಗಳೂ ಬಂದಿರಲ್ಲ, ಸ್ವಾಮಿ" ಎಂದರು.

ಅಂದಿನಿಂದ ರೋಗಿಗಳ ಮನೆಗೆ ಹೋದಾಗ ಮೊದಲು ಬೆಳಕು ಎಲ್ಲಿಂದ ಬರುತ್ತಿದೆಯೆಂದು ನೋಡುತ್ತೇನೆ. ನಾನು ವೈದ್ಯನಲ್ಲ, ಆಗುವುದೂ ಇಲ್ಲ. ಆದರೆ ನನ್ನ ನೆರಳು ಅವರ ಮುಖದ ಮೇಲೆ ಬೀಳದಂತೆ ಕುಳಿತುಕೊಳ್ಳುವುದನ್ನು ಕಲಿತಿದ್ದೇನೆ.